ನೀಲಮ್ಮನ ಹೆಸರು ಹೇಳಿಕೊಟ್ಟವರು ಯಾರು?

"ಯಾರೂ ಆ ಕಡ್ಡಿ ಮುಟ್ಟಬೇಡಿ! ಮೊದಲು ಹೊಗೆ, ಆಮೇಲೆ ಕಡ್ಡಿ!"

ಹೊಗೆ ಮೇಷ್ಟ್ರು ಗುಡುಗಿದ ರಭಸಕ್ಕೆ ಗ್ಯಾರೇಜಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಪಟಪಟನೆ ಹಾರಿಹೋದವು. ಎಣ್ಣೆ ಅಳೆಯುವ ಕಡ್ಡಿಯತ್ತ ಕೈ ಚಾಚಿದ್ದ ಅವರ ಷಡ್ಡಕ ಕೈಯನ್ನು ಹಿಂದಕ್ಕೆಳೆದುಕೊಂಡ.

ಮುಂದೆ ಹಸಿರು ಬಸ್ಸು ಮೂತಿ ಜಜ್ಜಿಕೊಂಡು ನಿಂತಿತ್ತು. ಊರವರು ಅದನ್ನು ಗಿಣಿ ಎಂದು ಕರೆಯುತ್ತಿದ್ದರು. ಮೂರು ದಿನದ ಹಿಂದೆ ಇದೇ ಗ್ಯಾರೇಜಿನಲ್ಲಿ ಎಂಜಿನ್ ಎಣ್ಣೆ ಬದಲಾಯಿಸಿಕೊಂಡು ಹೊರಟ ಗಿಣಿ, ಸೇತುವೆಯ ಏರಿನಲ್ಲಿ ಬೀದಿ ತುಂಬ ಹೊಗೆ ಕಾರಿ, ಕೀಲಿ ತೆಗೆದರೂ ನಿಲ್ಲದೆ ಕಿರುಚಿಕೊಂಡು ಓಡಿ ಗೋಡೆಗೆ ಗುದ್ದಿತ್ತು. ಅದೃಷ್ಟಕ್ಕೆ ಒಳಗೆ ಜನರಿರಲಿಲ್ಲ. ಡ್ರೈವರಣ್ಣ ಮಾತ್ರ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಅವನೇ ಅಡ್ಡಾದಿಡ್ಡಿ ಓಡಿಸಿದ್ದು ಎಂದು ಪೊಲೀಸರು ಅವನ ತಲೆಗೆ ಕಟ್ಟಲು ಹೊರಟಿದ್ದರು.

"ಮೇಷ್ಟ್ರೇ, ಕಡ್ಡಿ ಮೊದಲು ನೋಡಿದ್ರೆ ಏನು ನಷ್ಟ?" ಎಂದು ಕೇಳಿದವರು ವಿಮೆ ಕಂಪನಿಯಿಂದ ಬಂದ ಸರ್ವೇಯರ್ ಮೇಡಂ. ಕುಳ್ಳಗಿನ ಹೆಂಗಸು, ಕಿವಿಯ ಮೇಲೊಂದು ಮೋಟು ಪೆನ್ಸಿಲು. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಎಂಜಿನ್ನಿನ ಮೇಲೆ ಮೂರು ದಿನದಿಂದ ಇದ್ದ ಕಾಗದದ ಸೀಲನ್ನು ಅವರೇ ಈಗಷ್ಟೇ ಹರಿದಿದ್ದರು.

"ನಷ್ಟ ಏನಿಲ್ಲ ಮೇಡಂ. ಕಡ್ಡಿ ಯಾರು ಬೇಕಾದ್ರೂ ನೋಡ್ಬಹುದು. ಹೊಗೆ ನೋಡೋಕೆ ಮೂಗು ಬೇಕು." ಹೀಗೆಂದು ಮೇಷ್ಟ್ರು ಷಡ್ಡಕನ ಕೊರಳಿಗೆ ನೇತುಬಿದ್ದಿದ್ದ, ಎಂಜಿನ್ನಿನ ರೋಗ ಹೇಳುವ ಪರೀಕ್ಷೆಯ ಡಬ್ಬಿಯನ್ನು ಓರೆಗಣ್ಣಿನಿಂದ ನೋಡಿದರು.

ಆ ಡಬ್ಬಿ! ಮೂರು ತಿಂಗಳ ಹಿಂದೆ ಮಾವನವರು ಅದನ್ನು ತರಿಸಿ, ಎಲ್ಲರೆದುರಿಗೆ, ಕಿರಿಯ ಅಳಿಯನ ಕೈಗಿಟ್ಟ ದಿನದಿಂದ ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ. ಹದಿನೆಂಟು ವರ್ಷ ಈ ಮೂಗಿನಿಂದ ಗ್ಯಾರೇಜನ್ನು ಮೇಲೆತ್ತಿದವರು ಯಾರು? ನಿನ್ನೆ ಮೊನ್ನೆ ಬಂದು, ಮಾವನ ಮನೆಯಲ್ಲೇ ಬೀಡುಬಿಟ್ಟು, ತಂತಿ ಸಿಕ್ಕಿಸಿ ಗುಂಡಿ ಒತ್ತುವವನು ಯಾರು? ಅಂದಿನಿಂದ ಇಬ್ಬರು ಷಡ್ಡಕರಿಗೂ ಮಾತಿಲ್ಲ ಕತೆಯಿಲ್ಲ. ಏನಿದ್ದರೂ ಮೂರನೆಯವರ ಮೂಲಕ.

"ಶುರು ಮಾಡೋಣ್ವಾ ಅಂತ ಅವರನ್ನ ಕೇಳಿ ಮೇಡಂ," ಎಂದ ಷಡ್ಡಕ. ಅವನ ಕೈಯಲ್ಲಿ ಅಗಲವಾದ ಹಲಗೆಯಿತ್ತು. ಎಂಜಿನ್ ಮತ್ತೆ ಹುಚ್ಚೆದ್ದರೆ ಗಾಳಿ ಎಳೆದುಕೊಳ್ಳುವ ಬಾಯಿಗೆ ಅದನ್ನು ಒತ್ತಿ ಉಸಿರು ಕಟ್ಟಿಸಬೇಕು, ಬೇರೆ ದಾರಿಯಿಲ್ಲ.

"ಹಲಗೆ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಅವನಿಗೆ ಹೇಳಿ ಮೇಡಂ. ಅದಕ್ಕೆ ಗುಂಡಿ ಇಲ್ಲ."

ಮೇಡಂ ಇಬ್ಬರನ್ನೂ ಒಂದು ಸಲ ನೋಡಿ, ತಾವೇ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತರು. ಟೈರಿನ ಮೇಲೆ ಕೂತಿದ್ದ ಮಾವನವರು ಸೊಂಟದ ಕೀಲಿಗೊಂಚಲನ್ನು ಹಿಡಿದುಕೊಂಡರು. ಕಣ್ಣಿಗೆ ಪೊರೆ ಬಂದು ಒಮ್ಮೆ ತಪ್ಪು ನಟ್ಟು ಹಾಕಿದ್ದಕ್ಕೆ, ಇನ್ನು ಎಂಜಿನ್ ಮುಟ್ಟುವುದಿಲ್ಲ ಎಂದು ಅವರು ಆಣೆ ಮಾಡಿ ಎರಡು ವರ್ಷವಾಗಿತ್ತು. ಆ ಗೊಂಚಲಿನ ವಿಷಯದಲ್ಲಿ ನಿನ್ನೆ ಅವರು ಹೇಳಿದ ಮಾತು ಚಿಕ್ಕದು: ಈ ಅಪಘಾತದಲ್ಲಿ ಯಾರ ಕೈ ಶುದ್ಧವೋ, ಸೋಮವಾರ ಗ್ಯಾರೇಜು ಅವರದು.

ಅದಕ್ಕೇ ಮೇಷ್ಟ್ರಿಗೆ ಇವತ್ತು ಗೆಲ್ಲಲೇಬೇಕಿತ್ತು.

ಅವರು ಗಿಣಿಯ ಹಿಂದೆ ಹೋಗಿ, ಹೊಗೆ ಕೊಳವೆಯ ಬಾಯಿಗೆ ಒಂದು ಮೊಳ ದೂರದಲ್ಲಿ ಬಿಳಿ ಕರವಸ್ತ್ರವನ್ನು ಬಿಡಿಸಿ ಹಿಡಿದರು. ಎಂಜಿನ್ ಕೆಮ್ಮಿತು, ಗೊರಗೊರ ಎಂದಿತು, ಹೊತ್ತಿಕೊಂಡಿತು.

ಮೊದಲು ಬಂದದ್ದು ತೆಳ್ಳಗಿನ ಬೂದು ಹೊಗೆ. ಅದರಲ್ಲಿ ವಿಶೇಷವಿಲ್ಲ. ಹತ್ತು ಎಣಿಸುವಷ್ಟರಲ್ಲಿ ಹೊಗೆ ದಪ್ಪಗಾಯಿತು. ಬಿಳಿಯ ಅಂಚಿಗೆ ನೀಲಿ ಬಂತು. ನೋಡನೋಡುತ್ತ ಗ್ಯಾರೇಜಿನ ಬಾಗಿಲು, ಎದುರಿನ ಟೈಲರ್ ಅಂಗಡಿ, ಕರೆಂಟು ಕಂಬ ಎಲ್ಲ ನೀಲಿಯಲ್ಲಿ ಮುಳುಗಿಹೋದವು.

ಎಂಜಿನ್ನಿನ ದನಿ ಏರತೊಡಗಿತು.

"ಕೀಲಿ ತೆಗೆದಿದೀನಿ!" ಮೇಡಂ ಕೂಗಿ ಹೇಳಿದರು. ಕೀಲಿಯನ್ನು ಕೈಯಲ್ಲಿ ಎತ್ತಿ ತೋರಿಸಿದರು. ಎಂಜಿನ್ ಕ್ಯಾರೇ ಅನ್ನಲಿಲ್ಲ. ನೆಲ ನಡುಗಿತು, ಕಪಾಟಿನ ಪಾನಾಗಳೆಲ್ಲ ಗಲಗಲ ಅಲುಗಿದವು.

"ಹಲಗೆ! ಹಲಗೆ ಒತ್ತೋ!" ಮೇಷ್ಟ್ರು ಮೂರು ತಿಂಗಳಲ್ಲಿ ಮೊದಲ ಸಲ ಷಡ್ಡಕನಿಗೆ ನೇರವಾಗಿ ಆಡಿದ ಮಾತು ಅದು.

ಅವನು ಎದೆ ಕೊಟ್ಟು ಒತ್ತಿದ. ಎಂಜಿನ್ ಹಲಗೆಯನ್ನು ಒಳಕ್ಕೆಳೆಯಿತು, ಒದ್ದಾಡಿತು, ನಾಲ್ಕು ಸಲ ಬಿಕ್ಕಿ ಸತ್ತುಹೋಯಿತು. ಕಿವಿಯಲ್ಲಿ ಗುಂಯ್ ಎನ್ನುವ ಮೌನ.

ಮೇಡಂ ಕೆಳಗಿಳಿದು ಮೊದಲು ಹೋದದ್ದು ಷಡ್ಡಕನ ಹತ್ತಿರ. "ಪೆಟ್ಟಾಯ್ತೇನಪ್ಪಾ?" ಎಂದು ವಿಚಾರಿಸಿದರು. ಹೊಗೆ ಕುಡಿದು ಕಣ್ಣು ಕೆಂಪಗಾಗಿದ್ದ ಮೇಷ್ಟ್ರನ್ನು ಕೇಳುವವರಿಲ್ಲ. ಹಲಗೆ ಒತ್ತುವುದೂ ಒಂದು ವಿದ್ಯೆಯೇ? ಎಮ್ಮೆ ತಂದು ನಿಲ್ಲಿಸಿದ್ದರೆ ಅದೂ ಒತ್ತುತ್ತಿತ್ತು ಎಂದುಕೊಂಡರು ಮೇಷ್ಟ್ರು.

ಕರವಸ್ತ್ರವನ್ನು ಬೆರಳಲ್ಲಿ ಉಜ್ಜಿ ನೋಡಿದರು. ಜಿಡ್ಡು. ಮೂಗಿಗೆ ಹಿಡಿದರು. ಕರಟಿದ, ಗಂಟಲಿಗೆ ಅಂಟುವ ವಾಸನೆ. ಸಂಶಯವೇ ಇಲ್ಲ. ಒಂದು ಹೆಜ್ಜೆ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ...

"ಮೇಡಂ, ಇದು ನೀಲಮ್ಮ," ಎಂದುಬಿಟ್ಟ ಷಡ್ಡಕ.

ಮೇಷ್ಟ್ರ ತೆರೆದ ಬಾಯಿ ತೆರೆದೇ ಉಳಿಯಿತು.

"ಯಾರಪ್ಪಾ ಈ ನೀಲಮ್ಮ?" ಮೇಡಂ ಕಿವಿಯಿಂದ ಪೆನ್ಸಿಲು ತೆಗೆದರು. "ಮೂರು ದಿನದಿಂದ ವಿಚಾರಣೆ ಮಾಡ್ತಿದೀನಿ, ಈಯಮ್ಮನ ಹೆಸರು ಒಬ್ರೂ ಹೇಳಿಲ್ಲ! ಇದೇ ಬೀದಿಯವರಾ?"

ಷಡ್ಡಕ ಕಿವಿಯವರೆಗೂ ಕೆಂಪಾದ. "ಹೆಂಗಸಲ್ಲ ಮೇಡಂ. ಹೊಗೆ. ಎಂಜಿನ್ ತನ್ನ ಎಣ್ಣೆ ತಾನೇ ಕುಡಿದಾಗ ಬರೋ ನೀಲಿ ಹೊಗೆಗೆ... ಸುಮ್ನೆ ಹಾಗನ್ನೋದು."

ಸುಮ್ಮನೆ ಹಾಗನ್ನುವುದಂತೆ! ಲೋಕದಲ್ಲಿ ಯಾರೂ ಹಾಗನ್ನುವುದಿಲ್ಲ. ಆ ಹೆಸರಿಟ್ಟವರು ಅವರು, ಕೇಳಿದವಳು ಒಬ್ಬಳೇ ಒಬ್ಬಳು.

ಮದುವೆಯಾದ ಹೊಸದರಲ್ಲಿ, ಕೆಲಸ ಮುಗಿಸಿ ಊಟಕ್ಕೆ ಕೂತಾಗ, ಹೆಂಡತಿಯನ್ನು ನಗಿಸಲು ಹುಟ್ಟಿಸಿದ ಹೆಸರುಗಳು ಅವು. ರೇಡಿಯೇಟರಿನ ನೀರು ಒಳಗೆ ಸೋರಿ ಸಿಹಿಯಾಗಿ ನಾರುವ ಬಿಳಿ ಹೊಗೆ ಬೆಣ್ಣಕ್ಕ. ಡೀಸೆಲ್ಲು ಸರಿಯಾಗಿ ಸುಡದೆ ಕಣ್ಣಿಗೆ ಚುರ್ ಎನ್ನುವ ಹೊಗೆ ಅಳುಬುರುಕಿ. ಗಾಳಿ ಸಾಲದೆ ಬರುವ ಕಪ್ಪು ಹೊಗೆ ಕರಿಯಣ್ಣ. ಎಣ್ಣೆ ಕುಡಿಯುವ ನೀಲಿ ಹೊಗೆ ನೀಲಮ್ಮ. ಗ್ಯಾರೇಜಿನಲ್ಲಿ ಗಿರಾಕಿಗಳ ಮುಂದೆ ಹೀಗೆಲ್ಲ ಆಡಿದರೆ ಮೇಷ್ಟ್ರ ಮರ್ಯಾದೆ ಉಳಿಯುತ್ತದೆಯೇ? ಹದಿನೆಂಟು ವರ್ಷದಲ್ಲಿ ಒಂದು ಸಲವೂ ಅವು ಮನೆಯ ಹೊಸಿಲು ದಾಟಿರಲಿಲ್ಲ.

ಮತ್ತೆ ಇವನ ಬಾಯಿಗೆ ಹೇಗೆ ಬಂತು?

"ಮೇಷ್ಟ್ರೇ, ನೀವೇನಂತೀರಿ?"

"ಹಾಂ? ಹೂಂ. ಎಣ್ಣೆ. ಎಣ್ಣೆ ಹೊಗೇನೇ." ಅವರ ದನಿ ಅವರಿಗೇ ಬೇರೆಯವರದಾಗಿ ಕೇಳಿಸಿತು. "ಎಣ್ಣೆ ಎಲ್ಲಿಂದ ಒಳಗೆ ಹೋಯ್ತು ಅಂತ ಹೇಳ್ಲಿ ನೋಡೋಣ, ಅಷ್ಟು ಗೊತ್ತಿದ್ರೆ!"

ಷಡ್ಡಕ ಡಬ್ಬಿಯನ್ನು ಒರೆಸಿಕೊಂಡ. "ಟರ್ಬೋ ಹೋಗಿದೆ ಮೇಡಂ. ಗಾಳಿ ತಳ್ಳೋ ಚಕ್ರದ ಸೀಲು ಸವೆದು ಅಲ್ಲಿಂದ ಎಣ್ಣೆ ಎಳ್ಕೊಂಡಿದೆ. ಡಬ್ಬೀನೂ ಗಾಳಿ ಒತ್ತಡ ಹೆಚ್ಚುಕಮ್ಮಿ ಅಂತ ತೋರಿಸ್ತಿದೆ."

ಇದಕ್ಕೇ ಕಾದಿದ್ದರು ಮೇಷ್ಟ್ರು. ಪಾನಾ ತೆಗೆದುಕೊಂಡು ಟರ್ಬೋದ ರಬ್ಬರ್ ಕೊಳವೆ ಬಿಚ್ಚಿದರು. "ಮೇಡಂ, ಬೆರಳು ಹಾಕಿ ಚಕ್ರ ಅಲ್ಲಾಡಿಸಿ. ಅಲ್ಲಾಡುತ್ತಾ?"

"ಇಲ್ಲ. ಗಟ್ಟಿ ಇದೆ."

"ಸೀಲು ಹೋಗಿದ್ರೆ ಹಳೇ ಹಲ್ಲಿನ ಥರ ಅಲ್ಲಾಡ್ತಿತ್ತು. ಈಗ ಇಲ್ಲಿ ನೋಡಿ. ಎಂಜಿನ್ ಹೊಟ್ಟೆಯೊಳಗಿನ ಆವಿ ಹೊರಗೆ ಬರೋ ಕೊಳವೆ ಇದು. ಒಣಗಿರಬೇಕು." ಬಿಚ್ಚಿ ಬಗ್ಗಿಸಿದರು. ಎಣ್ಣೆ ತೊಟತೊಟ ಸುರಿದು ಅವರ ಚಪ್ಪಲಿ ತೋಯಿಸಿತು. "ಹೊಟ್ಟೇಲಿ ಹಿಡಿಸದಷ್ಟು ಎಣ್ಣೆ ಇದ್ರೆ, ಅದನ್ನ ಕಡೆದು ಕಡೆದು ಈ ದಾರೀಲಿ ಮೇಲಕ್ಕೆ ಕಳಿಸುತ್ತೆ, ಗಾಳಿ ಜೊತೆ ತಾನೇ ಕುಡಿಯುತ್ತೆ. ಕೀಲಿ ತೆಗೆದ್ರೆ ಡೀಸೆಲ್ ನಿಲ್ಲುತ್ತೆ ಮೇಡಂ, ಎಣ್ಣೆ ನಿಲ್ಲಲ್ಲ. ಡ್ರೈವರಣ್ಣನ ತಪ್ಪು ಕೂದಲೆಳೆಯಷ್ಟೂ ಇಲ್ಲ. ಈಗ ಎಳೀರಿ ಕಡ್ಡಿ."

ಮೇಡಂ ಕಡ್ಡಿ ಎಳೆದರು. ಮೇಲಿನ ಗೆರೆಯನ್ನು ದಾಟಿ, ನಾಲ್ಕು ಬೆರಳು ಮೇಲಕ್ಕೆ ಎಣ್ಣೆ ಹತ್ತಿತ್ತು. ಕೆಳಗಿನ ಬಿರಡೆ ತೆಗೆಸಿ ಎಣ್ಣೆ ಇಳಿಸಿ ಅಳೆಸಿದರು. ಇರಬೇಕಾದ್ದು ಹದಿನಾಲ್ಕು ಲೀಟರು. ಅಷ್ಟು ಕುಡಿದ ಮೇಲೂ ಬಂದದ್ದು ಇಪ್ಪತ್ತಮೂರು.

ಷಡ್ಡಕನ ಮುಖ ಸಪ್ಪಗಾಯಿತು. ಮೇಷ್ಟ್ರು ಎದೆ ಉಬ್ಬಿಸಿ ಮಾವನ ಕಡೆ ನೋಡಿದರು. ಮಾವನವರು ಬಗ್ಗಿ ನೆಲ ನೋಡುತ್ತಿದ್ದರು.

"ಭೇಷ್ ಮೇಷ್ಟ್ರೇ," ಎಂದರು ಮೇಡಂ. ಆ ಒಂದು ಮಾತಿನ ಸುಖ ಎರಡು ಗಳಿಗೆಯೂ ಉಳಿಯಲಿಲ್ಲ. "ಅಂದ್ರೆ ಎರಡು ಸಲ ಎಣ್ಣೆ ಹೊಯ್ದಿದಾರೆ. ಮೊದಲನೇ ಸಲ ಯಾರು?"

"ನಾನು," ಎಂದ ಷಡ್ಡಕ. "ಬೆಳಿಗ್ಗೆ ಹಳೇ ಎಣ್ಣೆ ಇಳಿಸಿದ್ದೂ ನಾನೇ. ಹನ್ನೊಂದಕ್ಕೆ ಹೊಸದು ಹೊಯ್ದೆ. ಬಟ್ಟೇನೂ ಕಟ್ಟಿದೆ."

"ಎರಡನೇ ಸಲ?"

ಆಗ ಹೊಳೆಯಿತು ಮೇಷ್ಟ್ರಿಗೆ, ತಾವು ಇಷ್ಟು ಹೊತ್ತು ಸಂಭ್ರಮದಿಂದ ತೋಡಿದ್ದು ಯಾರ ಗುಂಡಿಯನ್ನು ಅಂತ.

"...ನಾನು. ಸಂಜೆ ನಾಲ್ಕಕ್ಕೆ."

"ಕಡ್ಡಿ ನೋಡ್ಲಿಲ್ವಾ?"

"ಕಡ್ಡಿ ಯಾಕೆ ನೋಡ್ಬೇಕು ಮೇಡಂ? ಬಟ್ಟೆ ಇರ್ಲಿಲ್ಲ!"

ಈ ಗ್ಯಾರೇಜಿನ ರೂಢಿಯೇ ಅದು. ಎಣ್ಣೆ ಹೊಯ್ದವರು ಕಡ್ಡಿಯ ತಲೆಗೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಇದ್ದರೆ ಎಣ್ಣೆ ಇದೆ, ಇಲ್ಲದಿದ್ದರೆ ಇಲ್ಲ. ಮೂವತ್ತು ವರ್ಷದಿಂದ ಅದೇ ಸಾಕ್ಷಿ, ಅದೇ ಲೆಕ್ಕ. ಬೇರೆ ಯಾವ ಗ್ಯಾರೇಜಿನಲ್ಲಾದರೂ ಒಬ್ಬ ಇನ್ನೊಬ್ಬನನ್ನು ಕೇಳುತ್ತಿದ್ದ. ಇಲ್ಲಿ ಕೇಳುವಂತಿರಲಿಲ್ಲ.

"ಐದಕ್ಕೆ ಬಸ್ಸು ಹೊರಡಬೇಕು," ಎಂದರು ಮೇಷ್ಟ್ರು. "ಎಣ್ಣೆ ಇಳಿಸಿ ಹಾಗೇ ಬಿಟ್ಟು ಹೋಗಿದಾನೆ ಸೋಮಾರಿ ಅಂದ್ಕೊಂಡೆ. ಅಳೆದು ಹದಿನಾಲ್ಕು ಲೀಟರ್ ಹೊಯ್ದೆ. ಅಳೆದು ಹೊಯ್ದವನು ಮತ್ತೆ ಕಡ್ಡಿ ನೋಡಿದ್ರೆ ತನ್ನ ಕೈ ತಾನೇ ನಂಬಲ್ಲ ಅಂತ ಆಗುತ್ತೆ. ಅವನು ಬಟ್ಟೆ ಕಟ್ಟಿಲ್ಲ ಮೇಡಂ, ಮರೆತಿದಾನೆ."

"ಕಟ್ಟಿತ್ತು!" ಷಡ್ಡಕ ಕೂಗಿದ. "ಕಣ್ಣಾರೆ ನೋಡಿದೀನಿ, ಕಡ್ಡಿ ಮೇಲಿತ್ತು!"

"ನೋಡಿದೀನಿ ಅಂತಾನೆ ನೋಡಿ! ಕಟ್ಟಿದೋನು ಕಟ್ಟಿದೆ ಅನ್ಬೇಕು. ನೋಡೋಕೆ ಇವನೇನು ದಾರಿಹೋಕನಾ?"

ಮೇಡಂ ಆ ಮಾತನ್ನು ಗೀಚಿಕೊಂಡು, ಎರಡು ಕೆಂಪು ಚಿಂದಿ ತರಿಸಿದರು. "ಇಬ್ರೂ ಕಟ್ಟಿ ತೋರಿಸಿ."

ಷಡ್ಡಕ ಕಟ್ಟಿದ. ಎರಡು ಕಿವಿ ಮೇಲೆದ್ದ ಶೂ ಲೇಸಿನ ಗಂಟು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಮಗೂನ ಶಾಲೆಗೆ ಕಳಿಸೋ ಹಾಗಿದೆ! ಎಂಜಿನ್ ನಡುಗಿದ್ರೆ ನಿಲ್ಲುತ್ತಾ ಇದು? ಕೊಡಿ ಇಲ್ಲಿ." ಅವರ ಬೆರಳು ಮೂರು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ನುಗ್ಗಿಸಿ ಎಳೆಯಿತು. ಕಡಲೆಕಾಳಿನಷ್ಟು ಬಿಗಿಯಾದ ಗಂಟು. "ಇದು ಮಾವನವರ ಗಂಟು ಮೇಡಂ. ಕತ್ತರಿಸಬೇಕೇ ಹೊರತು ಬಿಚ್ಚೋಕಾಗಲ್ಲ. ಅವರು ಕೈಹಿಡಿದು ಕಲಿಸಿದ್ದು ನನಗೆ. ಅವರು ಎಂಜಿನ್ ಬಿಟ್ಟು ಎರಡು ವರ್ಷ ಆಯ್ತು. ಈಗ ಇದನ್ನ ಹಾಕೋಕೆ ಬರೋದು ಈ ಊರಲ್ಲಿ ನನಗೊಬ್ಬನಿಗೇ!"

ಡಬ್ಬಿ ಅವನಿಗೆ ಸಿಕ್ಕಿತ್ತು, ಮಾವನ ಮನೆಯ ದೊಡ್ಡ ಕೋಣೆ ಸಿಕ್ಕಿತ್ತು. ಗಂಟು ಮಾತ್ರ ಸಿಕ್ಕಿರಲಿಲ್ಲ. ಮೇಷ್ಟ್ರು ಈ ಮೂರು ತಿಂಗಳು ಉಸಿರಾಡಿದ್ದೇ ಆ ಗಂಟಿನ ಬಲದಿಂದ.

ಮೇಡಂ ಇಬ್ಬರ ಹೇಳಿಕೆಯನ್ನೂ ಬರೆದು ಮುಂದೆ ಹಿಡಿದರು. ಷಡ್ಡಕ ಸಹಿ ಹಾಕಿದ. ನಾಲ್ಕು ಗಂಟೆಗೆ ಕಡ್ಡಿಯ ಮೇಲೆ ಬಟ್ಟೆಯಿರಲಿಲ್ಲ, ಯಾರೂ ಕಟ್ಟಿರಲೇ ಇಲ್ಲ ಎಂದು ಮೇಷ್ಟ್ರು ದಪ್ಪಗೆ ಸಹಿ ಹಾಕಿದರು.

"ಇಬ್ರಲ್ಲಿ ಒಬ್ರು ಸುಳ್ಳು ಹೇಳ್ತಿದೀರಿ," ಎಂದರು ಮೇಡಂ. "ಡ್ರೈವರ್ ಕಾಲಿನ ಜವಾಬ್ದಾರಿ ಆ ಸುಳ್ಳಿನ ಮೇಲೆ ಬೀಳುತ್ತೆ."

ಆಗಲೇ ಗೇಟಿನ ಹತ್ತಿರ ಬಳೆ ಸದ್ದಾಯಿತು. ಮೇಷ್ಟ್ರ ಹೆಂಡತಿ ದಿನದಂತೆ ಊಟದ ಕ್ಯಾರಿಯರ್ ಹಿಡಿದು ಬಂದಿದ್ದಳು. ಈ ಗ್ಯಾರೇಜಿನಲ್ಲೇ ಆಡಿ ಬೆಳೆದ ಹಿರಿಮಗಳು ಆಕೆ. ಕಾಲಿಟ್ಟವಳೇ ಗಾಳಿಯನ್ನು ಮೂಸಿ, "ಇಷ್ಟೊಂದು ನೀಲಿ..." ಎನ್ನಲು ಹೋಗಿ ತಡೆದುಕೊಂಡಳು.

ಮೇಷ್ಟ್ರ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಕ್ಯಾರಿಯರಿನ ಮುಚ್ಚಳ ಅಲುಗದಂತೆ ಹಿಡಿಗೆ ಒಂದು ಕೆಂಪು ಬಟ್ಟೆ ಬಿಗಿದಿತ್ತು. ಅದರ ಅಂಚಿನಲ್ಲಿ ಹಳದಿ ದಾರದ ಹೂವು. ನಡುವೆ ಎಂಜಿನ್ ಎಣ್ಣೆಯ ಕಲೆ.

ತೋಳು ಹಿಡಿದು ಅವಳನ್ನು ಟೈರುಗಳ ರಾಶಿಯ ಹಿಂದೆ ಕರೆದೊಯ್ದರು. "ಇದೆಲ್ಲಿತ್ತು?"

"ಬಿಡ್ರೀ, ನೋಯುತ್ತೆ! ಗಿಣಿ ಕಡ್ಡಿ ಮೇಲಿತ್ತು. ಅವತ್ತು ಒಂದು ಗಂಟೆಗೆ ಊಟ ತಂದಾಗ ಕಂಡ್ತು." ಅವಳ ಕಣ್ಣು ತುಂಬಿತು. "ಇದು ನಮ್ಮಮ್ಮನ ಶಾಲು ರೀ. ಅಮ್ಮ ಹೋದಾಗ ನಂಗೆ ಒಂದು ಎಳೆ ಕೊಡ್ಲಿಲ್ಲ, ಪೂರ್ತಿ ತಂಗಿ ಪಾಲಾಯ್ತು. ಹಿರಿಮಗಳು ನಾನು, ಬಾಯಿ ಬಿಟ್ಟು ಕೇಳ್ಲಿಲ್ಲ. ಅಂಥದ್ದನ್ನ ಹರಿದು ಎಣ್ಣೆ ಕಡ್ಡಿಗೆ ಕಟ್ಟಿದಾರಲ್ಲ! ಹೊಟ್ಟೆ ಉರಿದುಹೋಯ್ತು. ಗಂಟು ಬಿಚ್ಚೋಕೆ ಆಗ್ಲಿಲ್ಲ, ಹಾಗೇ ಕಡ್ಡಿಯಿಂದ ಜಾರಿಸಿ ತಗೊಂಡೆ. ಎಣ್ಣೆ ಲೆಕ್ಕ ನನ್ನ ತಲೆಗೆ ಬರ್ಲೇ ಇಲ್ಲ ರೀ."

"ಮೂರು ದಿನ ಬಾಯಿ ಬಿಡ್ಲಿಲ್ವಲ್ಲೇ!"

"ಟರ್ಬೋ ಹೋಗಿದೆ ಅಂತ ಎಲ್ಲಾ ಅಂತಿದ್ರಲ್ಲ?"

ಎಲ್ಲಾ ಅಂದರೆ ಯಾರು? ಹಾಗೆಂದವನು ಒಬ್ಬನೇ. ಕೇಳುವಷ್ಟು ಹೊತ್ತಿರಲಿಲ್ಲ. ಮೇಷ್ಟ್ರು ಬಟ್ಟೆಯನ್ನು ಬಿಡಿಸಿ ಅಂಗೈಯಲ್ಲಿ ಹರಡಿದರು. ಕಡ್ಡಿಯಿಂದ ಜಾರಿ ಬಂದ ಕುಣಿಕೆ ಹಾಗೇ ಇತ್ತು.

ಮೂರು ಸುತ್ತು. ತುದಿ ಒಳಕ್ಕೆ. ಕಡಲೆಕಾಳಿನಷ್ಟು ಬಿಗಿ.

ಮೊದಲು ಬಂದದ್ದು ಕೇಕೆ ಹಾಕುವಷ್ಟು ಸಂತೋಷ. ಇದು ಷಡ್ಡಕ ಕಟ್ಟಿದ್ದಲ್ಲ! ಅವನು ಹನ್ನೊಂದಕ್ಕೆ ಎಣ್ಣೆ ಹೊಯ್ದೇ ಇಲ್ಲ, ಹೇಳಿದ್ದು ಹಸಿ ಸುಳ್ಳು! ಓಡಿ ಹೋಗಿ ಮೇಡಂ ಮುಂದೆ ಇದನ್ನು ಎಸೆದುಬಿಟ್ಟರೆ ಮುಗಿಯಿತು ಅವನ ಕತೆ, ಸೋಮವಾರ ಕೀಲಿಗೊಂಚಲು ತಮ್ಮ ಸೊಂಟಕ್ಕೆ.

ಒಂದು ಹೆಜ್ಜೆ ಇಟ್ಟು ನಿಂತರು. ಎಸೆದರೆ, ಬಟ್ಟೆ ಕಟ್ಟಿತ್ತು ಎಂದಾಯಿತು. ಯಾರೂ ಕಟ್ಟಿರಲೇ ಇಲ್ಲ ಎಂದು ದಪ್ಪಗೆ ಸಹಿ ಹಾಕಿದವರು ಯಾರು? ಕಟ್ಟಿದ್ದನ್ನು ಕಿತ್ತವಳು ಯಾರ ಹೆಂಡತಿ? ಮೇಲಾಗಿ, ಈ ಗಂಟು ಹಾಕಲು ಊರಲ್ಲಿ ನನಗೊಬ್ಬನಿಗೇ ಬರುವುದು ಎಂದು ಎದೆ ತಟ್ಟಿಕೊಂಡು ಕಾಲು ಗಂಟೆಯೂ ಆಗಿರಲಿಲ್ಲ. ಗಂಡನೇ ಕಟ್ಟಿ, ಹೆಂಡತಿಯಿಂದ ತೆಗೆಸಿ, ಷಡ್ಡಕನನ್ನು ಸಿಕ್ಕಿಸಲು ಮತ್ತೆ ಹೊಯ್ದ ಎಂದೇ ಯಾರಾದರೂ ಹೇಳುತ್ತಾರೆ. ಮೇಷ್ಟ್ರು ಬಟ್ಟೆಯನ್ನು ಮುದ್ದೆ ಮಾಡಿ ಪ್ಯಾಂಟಿನ ಜೇಬಿಗೆ ತುರುಕಿದರು.

"ನೀನು ಏನೂ ನೋಡಿಲ್ಲ," ಎಂದು ಪಿಸುಗುಟ್ಟಿದರು. "ಊಟ ಇಟ್ಟು ಮನೆಗೆ ಹೋಗು."

ಹೊರಗೆ ಬಂದಾಗ ಮೇಡಂ ಪೆನ್ಸಿಲು ಹೆರೆಯುತ್ತಿದ್ದರು. ತಲೆಯೆತ್ತಲೂ ಇಲ್ಲ. "ಮೇಷ್ಟ್ರೇ, ಜೇಬಿಂದ ಏನೋ ಹಳದಿ ದಾರ ಇಣುಕ್ತಿದೆ."

"ಕರವಸ್ತ್ರ."

"ನಿಮ್ಮ ಕರವಸ್ತ್ರ ಬಿಳೀದು. ಅಲ್ಲೇ ಬಸ್ಸಿನ ಮೇಲೆ ಬಿಟ್ಟಿದೀರಿ."

ಕೈ ಚಾಚಿದರು. ಕೊಡದೆ ಬೇರೆ ಗತಿಯಿರಲಿಲ್ಲ. ಮೇಡಂ ಬಟ್ಟೆಯನ್ನು ಮೂಸಿದರು, ಕುಣಿಕೆಯನ್ನು ತಿರುಗಿಸಿ ನೋಡಿದರು, ಮೇಷ್ಟ್ರು ಕಟ್ಟಿ ತೋರಿಸಿದ ಗಂಟಿನ ಪಕ್ಕಕ್ಕೆ ಅದನ್ನು ಹಿಡಿದರು. ಎರಡಕ್ಕೂ ಒಂದು ನೂಲಿನ ವ್ಯತ್ಯಾಸವಿಲ್ಲ.

"ಇದನ್ನ ಹಾಕೋಕೆ ಬರೋದು ನಿಮಗೊಬ್ರಿಗೇ ಅಂದ್ರಿ," ಎಂದರು ಮೆಲ್ಲಗೆ.

"ನಾನಲ್ಲ ಮೇಡಂ! ನನ್ನಾಣೆಗೂ ನಾನಲ್ಲ!"

"ಹಾಗಾದ್ರೆ ಜೇಬಲ್ಲಿ ಯಾಕೆ ಬಚ್ಚಿಟ್ರಿ?"

"ನಾನು ತೆಗೆದಿದ್ದು," ಎಂದಳು ಹೆಂಡತಿ. ಹೋಗೆಂದರೂ ಹೋಗಿರಲಿಲ್ಲ. "ಬಟ್ಟೆ ಆಸೆಗೆ ತೆಗೆದೆ. ಅವರಿಗೆ ಈಗಷ್ಟೇ ಗೊತ್ತಾಗಿದ್ದು."

ಮೇಡಂ ಅವರ ಪೆನ್ಸಿಲು ಕಾಗದಕ್ಕೆ ತಾಗುವ ಮೊದಲೇ ಟೈರಿನ ಮೇಲಿಂದ ಮಾವನವರು ಎದ್ದರು. ತಡವರಿಸುತ್ತ ಬಂದು ಬಟ್ಟೆಯನ್ನು ತೆಗೆದುಕೊಂಡು, ಹಳದಿ ಹೂವಿನ ಮೇಲೆ ಹೆಬ್ಬೆರಳಾಡಿಸಿದರು.

"ಇದು ನಮ್ಮನೆಯವಳ ಶಾಲು. ಹರಿದಿದ್ದೂ ನಾನೇ, ಕಟ್ಟಿದ್ದೂ ನಾನೇ, ಎಣ್ಣೆ ಹೊಯ್ದಿದ್ದೂ ನಾನೇ." ಬಟ್ಟೆಯನ್ನು ಮಡಿಚಿ ಹಿಡಿದುಕೊಂಡರು. "ಅವತ್ತು ಹನ್ನೊಂದಕ್ಕೆ ಇಲ್ಲಿ ಯಾರೂ ಇರ್ಲಿಲ್ಲ. ದೊಡ್ಡಳಿಯ ಸಾಮಾನು ತರೋಕೆ ಪೇಟೆಗೆ ಹೋಗಿದ್ದ, ಸಣ್ಣವನೂ ಕಾಣ್ಲಿಲ್ಲ. ಎಂಜಿನ್ ಖಾಲಿ ನಿಂತಿತ್ತು. ಇಬ್ರೂ ಅಳಿಯಂದಿರು ಎಷ್ಟು ಚೆನ್ನಾಗಿ ಕೆಲಸ ಮಾಡ್ತಾರೆ, ನಾನು ಮಾತ್ರ ಟೈರ್ ಮೇಲೆ ಕೂತು ಕೊಳೀಬೇಕು! ನಿಮ್ಮಿಬ್ರನ್ನ ನೋಡಿ ಎರಡು ವರ್ಷದಿಂದ ಹೊಟ್ಟೆ ಉರ್ಕೊಂಡಿದೀನಿ ಕಣ್ರಪ್ಪಾ. ಒಂದೇ ಒಂದು ಸಲ ಅಂತ ಹೊಯ್ದೆ. ಕೆಂಪು ಬಟ್ಟೆ ಎಲ್ಲಿಟ್ಟಿದಾರೋ ಕಣ್ಣಿಗೆ ಕಾಣ್ಲಿಲ್ಲ. ಮನೆಗೆ ಹೋಗಿ ಕೈಗೆ ಸಿಕ್ಕಿದ್ದು ತಂದೆ."

"ಇಷ್ಟು ಹೊತ್ತು ಯಾಕೆ ಸುಮ್ನಿದ್ರಿ?" ಮೇಡಂ ಕೇಳಿದರು.

"ಈ ಸಣ್ಣಳಿಯ ಹನ್ನೊಂದಕ್ಕೆ ನಾನೇ ಹೊಯ್ದೆ ಅಂದ. ಮುದುಕನ ಮಾನ ಉಳಿಸೋಕೆ ಮೈಮೇಲೆ ಹಾಕ್ಕೋತಿದಾನೆ ಅಂದ್ಕೊಂಡೆ."

ಓಹೋ, ಈಗ ತ್ಯಾಗಮೂರ್ತಿಯೂ ಆದನಲ್ಲ! ಎಂದುಕೊಂಡರು ಮೇಷ್ಟ್ರು.

ಆದರೆ ಷಡ್ಡಕ ತಲೆಯಾಡಿಸುತ್ತಿದ್ದ. "ಮಾವ ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಂ. ನಾನು ಬರೋ ಹೊತ್ತಿಗೆ ಬಟ್ಟೆ ಕಟ್ಟಿತ್ತು. ಯಾರೋ ಹೊಯ್ದಿದಾರೆ, ಸದ್ಯ ಬಚಾವಾದೆ ಅಂತ ಸುಮ್ನಾದೆ. ಕೇಳಿದ್ರೆ ನಾನಿರ್ಲಿಲ್ಲ ಅಂತ ಗೊತ್ತಾಗುತ್ತಲ್ಲ, ಅದಕ್ಕೆ ನಾನೇ ಅಂದೆ."

"ಎಂಜಿನ್ ಖಾಲಿ ಬಿಟ್ಟು ಹೋಗಿದ್ರಿ. ಎಲ್ಲಿಗೆ?"

ಅವನು ಕೊರಳ ಡಬ್ಬಿಯ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ. ಕಣ್ಣು ಮಾತ್ರ ಮೇಡಂ ಕಡೆಗಿರಲಿಲ್ಲ, ಮಾವನ ಕಡೆಗೂ ಇರಲಿಲ್ಲ.

ಅದು ಎಲ್ಲಿದೆ ಎಂದು ಮೇಷ್ಟ್ರು ನೋಡಿದರು: ತಮ್ಮ ಹೆಂಡತಿಯ ಮೇಲೆ. ನೀಲಮ್ಮ ಎಂಬ ಹೆಸರು ಅವರ ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು.

"ಹನ್ನೊಂದು ಗಂಟೆಗೆ ಎಲ್ಲಿದ್ರಿ ಅಂತ ಕೇಳ್ದೆ."

"ಅವನನ್ನ ಯಾಕೆ ಕೇಳ್ತೀರಿ ಮೇಡಂ," ಎಂದಳು ಮೇಷ್ಟ್ರ ಹೆಂಡತಿ. ಕ್ಯಾರಿಯರನ್ನು ನೆಲದ ಮೇಲಿಟ್ಟು, ಗಂಡನ ಮುಖವನ್ನೇ ನೋಡುತ್ತ ಹೇಳಿದಳು. "ನಮ್ಮನೇಲಿದ್ದ. ಮೂರು ತಿಂಗಳಿಂದ ದಿನಾ ಬರ್ತಾನೆ. ನೀಲಮ್ಮನ ಹೆಸರು ಹೇಳಿಕೊಟ್ಟಿದ್ದೂ ನಾನೇ."